ಕರೆಂಟ್ ಕಾರಿನ ಖರ್ಚು

ಕಾರು ಕೊಂಡ ಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಮಾತು: "ಎಷ್ಟು ಬೀಳ್ತೈತೆ ಮೇಡಂ?" ಚಳ್ಳಕೆರೆ ಸಂತೆಯಲ್ಲಿ ಬದನೆಕಾಯಿ ತೂಗುವವರು ಕೇಳಿದರು. ಮೊಳಕಾಲ್ಮೂರಿನಲ್ಲಿ ನಾನು ಪಾಠ ಹೇಳುವ ಕಾಲೇಜಿನ ಪ್ರಿನ್ಸಿಪಾಲರು ಕೇಳಿದರು. ರಸ್ತೆ ಬದಿಯಲ್ಲಿ ಎಳನೀರು ಕೊಚ್ಚುವವರೂ ಕೇಳಿದರು. ಮೊದಮೊದಲು ಹೆಮ್ಮೆಯಿಂದ ಲೆಕ್ಕ ಒಪ್ಪಿಸುತ್ತಿದ್ದೆ. ಆಮೇಲೆ "ಪರವಾಗಿಲ್ಲ" ಎಂದಷ್ಟೇ ಹೇಳಿ ಗಾಜು ಏರಿಸಿಕೊಳ್ಳತೊಡಗಿದೆ. ಸರಿಯಾಗಿ ಉತ್ತರ ಹೇಳಬೇಕೆಂದರೆ ಅಕ್ಕನಿಂದ ಶುರು ಮಾಡಬೇಕಾಗುತ್ತಿತ್ತು. ಅಷ್ಟನ್ನು ಕೇಳುವ ಪುರುಸೊತ್ತು ಯಾರಿಗಿದ್ದೀತು?

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಮನೆಯಲ್ಲಿ ತೆಲುಗು ಮಾತಾಡಿ ಬೆಳೆದವರಾದ್ದರಿಂದ ಸಿಟ್ಟು ಬಂದರೆ, ಖುಷಿಯಾದರೆ ತೆಲುಗು ಇಣುಕುತ್ತಿತ್ತು. ನನ್ನ ಹಾಗೆಯೇ ಅವರ ಮನೆಯೂ ಚಳ್ಳಕೆರೆಯಲ್ಲಿ, ಕೆಲಸ ಮೊಳಕಾಲ್ಮೂರಿನಲ್ಲಿ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಅವರೂ ಅವರ ಯಜಮಾನರೂ ಇಬ್ಬರೇ. ಹೋಗಿ ಬರಲು ನೂರು ಕಿಲೋಮೀಟರಿನಷ್ಟು ದಾರಿ. ಎಷ್ಟೋ ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಮೊದಲು ಬಂದವರು ಕಿಟಕಿಯಿಂದ ಕರ್ಚೀಫು ಎಸೆದು ಇನ್ನೊಬ್ಬರಿಗೆ ಜಾಗ ಹಿಡಿಯಬೇಕು. ಅವರೆಕಾಯಿಯ ದಿನಗಳಲ್ಲಿ ಅಕ್ಕ ಚೀಲವನ್ನೇ ಬಸ್ಸಿಗೆ ತರುತ್ತಿದ್ದರು. ತಳುಕು ಬರುವಷ್ಟರಲ್ಲಿ ಇಬ್ಬರೂ ಸೇರಿ ಸುಲಿದು ಮುಗಿಸುತ್ತಿದ್ದೆವು. ಸಿಪ್ಪೆ ಕೆಳಗೆ ಬಿದ್ದರೆ ಕಂಡಕ್ಟರು ಬಯ್ಯುತ್ತಿದ್ದರು. "ಒಂದು ಹಿಡಿ ನಿಂಗೂ ಕೊಡ್ತೀನಿ, ಸುಮ್ನಿರಪ್ಪ" ಎಂದು ಅಕ್ಕ ಅವರ ಬಾಯಿ ಮುಚ್ಚಿಸುತ್ತಿದ್ದರು.

ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಕೂಡಿ ಬರಲಿಲ್ಲ ಅಷ್ಟೇ. ಅವ್ವನ ಜೊತೆ ಇದ್ದೆ. ಅವ್ವ ತೀರಿಕೊಂಡ ಮೇಲೆ ಒಬ್ಬಳೇ ಆದೆ. ಅವ್ವನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವರು ಅಕ್ಕ. ಅವ್ವ ಹೋದ ಮೇಲೆ ದಿನಕ್ಕೆ ಎರಡು ಗಂಟೆ ಒಬ್ಬರ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುವುದು ಬಸ್ಸಿನಲ್ಲಿ ಮಾತ್ರ ಸಾಧ್ಯವಿತ್ತು. ಅದು ನನಗೆ ಎಷ್ಟು ಬೇಕಾಗಿತ್ತು ಎಂಬುದು ಆಗ ಗೊತ್ತಿರಲಿಲ್ಲ.

ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಒಳ್ಳೆಯದೇ ಆಯಿತು. ಕೂಲಿಗೆ ಹೋಗುವವರು, ತವರಿಗೆ ಹೋಗುವವರು, ಆಸ್ಪತ್ರೆಗೆ ಬರುವ ಬಾಣಂತಿಯರು ಎಲ್ಲರೂ ಬಸ್ಸು ಹತ್ತಿದರು. ಆದರೆ ಕರ್ಚೀಫು ಎಸೆಯಲು ಕಿಟಕಿಯ ಹತ್ತಿರ ಹೋಗುವುದಕ್ಕೇ ಆಗದಂತಾಯಿತು. ನನ್ನ ಸೊಂಟದಲ್ಲಿ ಮೊದಲೇ ನೋವಿತ್ತು. ಒಂದು ವರ್ಷ ನಿಂತು ಓಡಾಡಿದ ಮೇಲೆ ಎಡಗಾಲು ಜೋಮು ಹಿಡಿಯತೊಡಗಿತು. ದಾವಣಗೆರೆಯ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, "ಇನ್ನು ಬಸ್ಸಲ್ಲಿ ನಿಂತ್ಕೊಂಡು ಹೋಗಂಗಿಲ್ಲಮ್ಮ. ಒಂದೋ ವರ್ಗ ಮಾಡಿಸ್ಕೊ, ಇಲ್ಲ ಕಾರು ತಗೋ" ಎಂದರು. ವರ್ಗ ನನ್ನ ಕೈಯಲ್ಲಿರಲಿಲ್ಲ. ಅವ್ವನ ಹೆಸರಿನಲ್ಲಿದ್ದ ಸೈಟು ಮಾರಿದ ಹಣ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು.

ಶೋರೂಮಿನವರು ಹೇಳಿದ ಲೆಕ್ಕ ಬಹಳ ಚೆನ್ನಾಗಿತ್ತು. ಕಿಲೋಮೀಟರಿಗೆ ಹೆಚ್ಚುಕಮ್ಮಿ ಒಂದು ರೂಪಾಯಿ. ಪೆಟ್ರೋಲ್ ಕಾರಾದರೆ ಏಳೆಂಟು. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಗೇರಿಲ್ಲ. ನಾನು ಅರ್ಥಶಾಸ್ತ್ರ ಪಾಠ ಹೇಳುವವಳು. ಮನೆಗೆ ಬಂದು ಮತ್ತೆ ಕೂಡಿಸಿ ಕಳೆದು ನೋಡಿದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟಿದ್ದು ಮಾತ್ರ ಬೇಕಾದಷ್ಟಿತ್ತು.

ಮೊದಲನೆಯದು ಮನೆಯಲ್ಲೇ ಕಾದಿತ್ತು. ನಾನು ಬಾಡಿಗೆಗಿರುವುದು ಮಹಡಿ ಮೇಲೆ. ಕೆಳಗೆ ಮನೆಯ ಯಜಮಾನರು, ಮೊದಲು ಶೇಂಗಾ ಎಣ್ಣೆ ಮಿಲ್ಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಂಗಳದಲ್ಲಿ ಚಾರ್ಜ್ ಮಾಡಿಕೊಳ್ಳಬಹುದೇ ಎಂದು ಕೇಳಿದೆ.

"ಹಾಕ್ಕೋ ತಾಯಿ, ಬ್ಯಾಡ ಅನ್ನಲ್ಲ. ಆದ್ರೆ ಮೀಟ್ರು ಬ್ಯಾರೆ ಮಾಡಿಸ್ಕೋ. ಇಲ್ಲಾಂದ್ರೆ ನಮ್ಮನೆಯವಳು ಫ್ರಿಜ್ಜು ತಿಂದ ಕರೆಂಟನ್ನೂ ನಿನ್ನ ಕಾರಿನ ತಲೆಗೇ ಕಟ್ತಾಳೆ" ಎಂದು ನಕ್ಕರು.

ಬೇರೆ ಮೀಟರಿಗೆಂದು ಕರೆಂಟ್ ಆಫೀಸಿಗೆ ಅಲೆದೆ. ಡೆಪಾಸಿಟ್ ಕಟ್ಟಿದೆ. ದಪ್ಪ ತಂತಿ ಎಳೆಸಿದೆ. ಅರ್ಥಿಂಗ್ ಸಾಲದು ಎಂದರು. ಅಂಗಳದ ಮೂಲೆಯಲ್ಲಿ ಆಳದ ಗುಂಡಿ ತೋಡಿಸಿ ಉಪ್ಪು, ಇದ್ದಿಲು ತುಂಬಿಸಿದೆ. ಕಾರು ಒಂದು ಮಾರು ದೂರ ಓಡುವ ಮೊದಲೇ ಬಸ್ಸಿನಲ್ಲಿ ನಾನು ಹಳೆಯ ಕಾಲದಲ್ಲಿ ಒಂದು ವರ್ಷಕ್ಕೆ ಕೊಡುತ್ತಿದ್ದ ಟಿಕೆಟ್ ದುಡ್ಡಿಗಿಂತ ಹೆಚ್ಚು ಖರ್ಚಾಗಿತ್ತು. ಆದರೂ ಆ ಬೆಳಿಗ್ಗೆ ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದಾಗ ನನಗಾದ ಸಂತೋಷಕ್ಕೆ ಯಾವ ಖರ್ಚೂ ಅಡ್ಡ ಬರಲಿಲ್ಲ.

ಅಕ್ಕ ಚಪ್ಪಲಿ ಬಿಟ್ಟು ಹತ್ತಲು ಹೋದರು.

"ಅಕ್ಕ, ಚಪ್ಪಲಿ ಹಾಕ್ಕೊಳ್ಳಿ. ಇದೇನು ದೇವಸ್ಥಾನನಾ?"

"ಹೊಸಾದಲ್ವೇನಮ್ಮ" ಎಂದು ಒಳಗೆ ಕೂತವರು, ಕಾರು ಹೊರಟು ಬೀದಿಯ ತಿರುವು ದಾಟಿದ ಮೇಲೆ, "ಇನ್ನೂ ಸ್ಟಾರ್ಟ್ ಮಾಡಿಲ್ವಾ?" ಎಂದು ಕೇಳಿದರು. ಆ ಒಂದು ಮಾತಿಗೆ ನಾವಿಬ್ಬರೂ ತಳುಕಿನವರೆಗೆ ನಕ್ಕೆವು.

ದುಡ್ಡು ಕೊಡುತ್ತೇನೆಂದು ಅಕ್ಕ ಹಟ ಹಿಡಿದರು. ನಾನು ತೆಗೆದುಕೊಳ್ಳಲಿಲ್ಲ. ಒಬ್ಬಳು ಹೋದರೂ ಇಬ್ಬರು ಹೋದರೂ ಕರೆಂಟು ಅಷ್ಟೇ ಎಂದೆ. "ಸರ್ಲೇ ಬಿಡು" ಎಂದರು. ಆದರೆ ಬರಿಗೈಯಲ್ಲಿ ಬರಲಿಲ್ಲ. ಒಂದು ದಿನ ಶೇಂಗಾ ಹೋಳಿಗೆ, ಒಂದು ದಿನ ಹುಣಸೆ ಚಿಗುರು ಹಾಕಿ ಬೇಳೆ ಬೇಯಿಸಿದ ಪಪ್ಪು, ಒಂದು ದಿನ ಅವರ ಮನೆಯ ಕರಿಬೇವು. ಚಳಿಗಾಲ ಪೂರ್ತಿ ಹೀಗೆಯೇ ಹೋಯಿತು. ಮಾರುಕಟ್ಟೆಗೆ ಹೊಸ ಶೇಂಗಾ ಬರುವ ಕಾಲ, ಊರ ಹೊರಗೆ ಲಾರಿಗಳ ಸಾಲು. ನಾವು ಮುಚ್ಚಿದ ಗಾಜಿನೊಳಗೆ ಆರಾಮಾಗಿ ಕೂತು, ಆಸ್ಪತ್ರೆಯ ಸುದ್ದಿ, ಕಾಲೇಜಿನ ಸುದ್ದಿ ಹೇಳಿಕೊಂಡು ಹೋಗುತ್ತಿದ್ದೆವು. ತರಗತಿಯಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಪಾಠ ಮಾಡುವಾಗ ನನ್ನ ಕಾರನ್ನೇ ಉದಾಹರಣೆ ಕೊಟ್ಟೆ. ಓಡಿದರೆ ಬೀಳುವುದು ಕರೆಂಟಿನ ಖರ್ಚು, ನಿಂತರೂ ಬೀಳುವುದು ವಿಮೆಯ ಖರ್ಚು ಎಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಮಿಸ್, ನೀವು ಒಬ್ರೇ ಅಲ್ವಾ, ಇಷ್ಟು ದೊಡ್ಡ ಕಾರು ಯಾಕೆ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ.

ಕರೆಂಟಿನ ಬಿಲ್ಲು ನಿಜಕ್ಕೂ ಕಡಿಮೆ ಬರುತ್ತಿತ್ತು. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಸರ್ವಿಸಿಗೂ ಹೆಚ್ಚು ಆಗಲಿಲ್ಲ. ಎರಡನೆಯ ವರ್ಷದ ವಿಮೆ ಮಾತ್ರ ಎದೆ ಝಲ್ಲೆನಿಸಿತು. ಆಮೇಲೆ ಟೈರು. ನಮ್ಮ ಕಡೆಯ ದಾರಿ ಬದಿ ಪೂರ್ತಿ ಜಾಲಿ. ಪಂಚರಿಗೆ ಲೆಕ್ಕವಿಲ್ಲ. ಅದು ಎಲ್ಲ ಕಾರಿಗೂ ಇದ್ದದ್ದೇ. ಆದರೆ ಈ ಕಾರು ಬ್ಯಾಟರಿಯ ಭಾರಕ್ಕೆ ತೂಕ ಜಾಸ್ತಿ. ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಮುಂದಕ್ಕೆ ನುಗ್ಗುತ್ತದೆ. ಟೈರು ಬೇಗ ಸವೆಯುತ್ತದೆ. ಒಂದು ಸಂಜೆ ಅಕ್ಕನೂ ಜೊತೆಗಿದ್ದಾಗ ಚಳ್ಳಕೆರೆಯ ಟೈರ್ ಅಂಗಡಿಯಲ್ಲಿ ನಿಲ್ಲಿಸಿದೆ. ಅಂಗಡಿಯ ಸಾಹೇಬರು ಕೆಳಗೆ ಬಗ್ಗಿ ನೋಡಿ, "ಮೇಡಂ, ನಾಲ್ಕೂ ಖತಮ್. ಈ ಸೈಜು ನಮ್ಮಲ್ಲಿಲ್ಲ, ದಾವಣಗೆರೆಯಿಂದ ತರಿಸಬೇಕು" ಎಂದು ಬೆಲೆ ಹೇಳಿದರು. ಅಕ್ಕ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಟೈರು ನೋಡಿದರು.

ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಮುಂದೆ ಹಾರ್ನ್ ಹೊಡೆದರೆ ಅವರು ಬಾಗಿಲಿಗೆ ಬಂದರು. ಚೀಲ ಕೈಯಲ್ಲಿರಲಿಲ್ಲ.

"ನೀನು ಹೋಗಮ್ಮ. ನಾನು ಇವತ್ತಿಂದ ಬಸ್ಸಿಗೆ ಬರ್ತೀನಿ."

"ಯಾಕಕ್ಕ? ಏನಾಯ್ತು?"

"ಏನೂ ಇಲ್ಲ. ನನ್ನ ಡ್ಯೂಟಿ ಟೈಮು ಹಿಂದೆ ಮುಂದೆ ಆಗ್ತೈತೆ. ಬಸ್ಸು ಹೆಂಗೂ ಪುಕ್ಕಟೆ. ಸುಮ್ನೆ ನಿನ್ನ ಟೈರು ಯಾಕೆ ಸವೆಸ್ಲಿ?"

"ನೀವು ಕೂತ್ರೆ ಟೈರು ಸವೀತೈತಾ ಅಕ್ಕ?"

"ಹೋಗು, ಹೋಗು. ಕಾಲೇಜಿಗೆ ಹೊತ್ತಾಗ್ತೈತೆ" ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಟೈರಿನ ಬೆಲೆ ಕೇಳಿ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದುಕೊಂಡೆ. ಎರಡು ದಿನ ಬಿಟ್ಟು ಸರಿಹೋಗುತ್ತದೆ ಎಂದು ಸುಮ್ಮನಾದೆ. ಸರಿಹೋಗಲಿಲ್ಲ. ಫೋನ್ ಮಾಡಿದರೆ ಚೆನ್ನಾಗಿಯೇ ಮಾತಾಡುತ್ತಿದ್ದರು. ಊಟ ಆಯಿತಾ, ಸೊಂಟ ಹೇಗಿದೆ ಎಂದು ಕೇಳುತ್ತಿದ್ದರು. ಕಾರಿನ ಮಾತು ತೆಗೆದರೆ, "ಒಲೆ ಮೇಲೆ ಹಾಲಿಟ್ಟೀನಿ" ಎಂದು ಇಟ್ಟುಬಿಡುತ್ತಿದ್ದರು. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮುಂದೆ ಜನರ ನಡುವೆ ಅವರು ನಿಂತಿದ್ದು ಕಂಡಿತು. ನಿಧಾನ ಮಾಡಿ ಗಾಜು ಇಳಿಸಿದೆ. ಅಕ್ಕ ನನ್ನ ಕಾರನ್ನು ನೋಡಿದ್ದು ನನಗೆ ಗೊತ್ತು. ತಕ್ಷಣ ಚೀಲದಲ್ಲಿ ಏನೋ ಹುಡುಕುವವರಂತೆ ತಲೆ ಬಗ್ಗಿಸಿದರು. ಹಿಂದಿನ ಆಟೋದವನು ಹಾರ್ನ್ ಹೊಡೆದ. ನಾನು ಮುಂದೆ ಹೋದೆ. ಮರುದಿನದಿಂದ ಆ ರಸ್ತೆಯನ್ನೇ ಬಿಟ್ಟು, ಎಣ್ಣೆ ಮಿಲ್ಲುಗಳ ಹಿಂದಿನ ದಾರಿ ಹಿಡಿದು ಹೆದ್ದಾರಿ ಸೇರತೊಡಗಿದೆ.

ಆ ಮೇಲಿನ ತಿಂಗಳುಗಳಲ್ಲಿ ನಾನು ಕಾರಿನಲ್ಲಿ ಒಬ್ಬಳೇ ಎಷ್ಟು ಓಡಾಡಿದೆನೋ. ಹೊರಗಿನವರಿಗೆ ಅದು ಸುಖವಾಗಿಯೇ ಕಂಡಿರಬೇಕು. ತಣ್ಣಗೆ ಎ.ಸಿ., ಮೆತ್ತನೆಯ ಸೀಟು, ಸೊಂಟಕ್ಕೆ ದಿಂಬು. ಆದರೆ ಈ ಕಾರಿನಲ್ಲಿ ಎಂಜಿನ್ ಸದ್ದು ಎಂಬುದಿಲ್ಲ. ಹಳೆಯ ಬಸ್ಸಿನಲ್ಲಿ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಯಾರದೋ ಮಗು ಅಳುತ್ತಿತ್ತು, ಡ್ರೈವರ್ ಹಾಡು ಹಾಕಿರುತ್ತಿದ್ದ. ಇಲ್ಲಿ ನನ್ನ ಬಳೆಯ ಸದ್ದೇ ನನಗೆ ಕೇಳುತ್ತಿತ್ತು. ಒಂದು ದಿನ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕದ ಸೀಟಿನ ಮೇಲಿಟ್ಟೆ. ಭಾರ ಬಿದ್ದೊಡನೆ ಯಾರೋ ಕೂತಿದ್ದಾರೆಂದು ತಿಳಿದ ಕಾರು, ಬೆಲ್ಟ್ ಹಾಕಿಲ್ಲವೆಂದು ಕುಂಯ್‌ಗುಟ್ಟತೊಡಗಿತು. ಕಟ್ಟನ್ನು ಹಿಂದಕ್ಕೆ ಹಾಕಬಹುದಿತ್ತು. ನಾನು ಅದರ ಮೇಲೆ ಬೆಲ್ಟ್ ಎಳೆದು ಹಾಕಿ, ಹಾಗೆಯೇ ಮೊಳಕಾಲ್ಮೂರು ಸೇರಿದೆ.

ಭಾನುವಾರಗಳು ಇನ್ನೂ ಉದ್ದವಾದವು. ಕಾರಿದೆಯಲ್ಲ, ಎಲ್ಲಿಗಾದರೂ ಹೋಗಬಹುದಿತ್ತು. ಹೋಗಲು ಜಾಗ ಹೊಳೆಯುತ್ತಿರಲಿಲ್ಲ. ಒಮ್ಮೊಮ್ಮೆ ದೊಡ್ಡಉಳ್ಳಾರ್ತಿಯ ಕಡೆ ಹೋಗಿ, ಕಾವಲು ಎನ್ನುವ ಹುಲ್ಲುಗಾವಲಿನ ಅಂಚಿನಲ್ಲಿ ಕಾರು ನಿಲ್ಲಿಸಿಕೊಂಡು ಕೂರುತ್ತಿದ್ದೆ. ಒಂದು ಕಡೆ ದೊಡ್ಡ ವಿಜ್ಞಾನ ಸಂಸ್ಥೆಗಳ ಉದ್ದನೆಯ ಕಾಂಪೌಂಡು, ಇನ್ನೊಂದು ಕಡೆ ಕುರಿ ಹಿಂಡು. ಕುರಿ ಕಾಯುವ ಅಜ್ಜ ಒಬ್ಬರು ಹತ್ತಿರ ಬಂದು, "ಗಾಡಿ ಕೆಟ್ಟೈತಾ ತಾಯಿ?" ಎಂದು ಕೇಳಿದರು. ಇಲ್ಲ, ಸುಮ್ಮನೆ ನಿಲ್ಲಿಸಿದ್ದೇನೆ ಎಂದೆ. "ಸುಮ್ನೇನಾ?" ಎಂದು ಸ್ವಲ್ಪ ಹೊತ್ತು ನಿಂತು ನೋಡಿ ಹೋದರು. ಮನೆಗೆ ಬಂದು ಮತ್ತೆ ಚಾರ್ಜಿಗೆ ಹಾಕಿದೆ.

ಬೇಸಿಗೆ ರಜೆ ಬಂತು. ಕಾಲೇಜಿಲ್ಲ. ಕಾರು ಅಂಗಳದಲ್ಲೇ ನಿಂತಿತು. ಸೀಟಿನ ಕೆಳಗಿನ ದೊಡ್ಡ ಬ್ಯಾಟರಿ ತುಂಬಿದ್ದರೂ, ಬಾಗಿಲು ತೆಗೆಯಲು, ಕಾರನ್ನು ಎಬ್ಬಿಸಲು ಮಾಮೂಲಿ ಕಾರಿನಲ್ಲಿರುವಂಥದ್ದೇ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಓಡದೆ ನಿಂತರೆ ಅದು ಸೊರಗಿ ಸಾಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಮೇ ತಿಂಗಳ ಕೊನೆಯ ದಿನ. ಅವತ್ತು ಅಕ್ಕ ನಿವೃತ್ತಿಯಾಗುವ ದಿನ.

ಆಸ್ಪತ್ರೆಯಲ್ಲಿ ಬೀಳ್ಕೊಡುಗೆ ಇದೆ ಎಂದು ನನಗೆ ಹೇಳಿದ್ದು ಅಲ್ಲಿಯ ಇನ್ನೊಬ್ಬ ನರ್ಸ್. ಅಕ್ಕ ಕರೆದಿರಲಿಲ್ಲ. ಕರೆಯದಿದ್ದರೂ ಹೋಗಬೇಕೆಂದು ತೀರ್ಮಾನಿಸಿದ್ದೆ. ಮೊಳಕಾಲ್ಮೂರಿನಲ್ಲಿ ನನಗೆ ಪರಿಚಯದ ನೇಕಾರರ ಮನೆಯಿಂದ ಬದನೆಕಾಯಿ ಬಣ್ಣದ ರೇಷ್ಮೆ ಸೀರೆಯೊಂದನ್ನು ತರಿಸಿಟ್ಟುಕೊಂಡಿದ್ದೆ. ಬೆಳಿಗ್ಗೆ ತಲೆಗೆ ಹೂ ಮುಡಿದು, ಸೀರೆಯ ಡಬ್ಬಿ ಹಿಡಿದು ಇಳಿದು ಬಂದರೆ ಕಾರಿನ ಬಾಗಿಲು ತೆರೆಯಲಿಲ್ಲ. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ. ಒಂದು ದೀಪವೂ ಮಿಣುಕಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಜನ ಬರಲು ಮಧ್ಯಾಹ್ನವಾಗುತ್ತದೆ ಎಂದರು.

ಮನೆಯ ಯಜಮಾನರು ಕುರ್ಚಿಯಿಂದಲೇ ನೋಡುತ್ತಿದ್ದರು. "ಬಸ್ಸಿಗೆ ಹೋಗು ತಾಯಿ. ಅದು ಅಲ್ಲೇ ಇರ್ತೈತೆ, ಎಲ್ಲೂ ಹೋಗಲ್ಲ" ಎಂದರು.

ಬಸ್ಸು ಕಿಕ್ಕಿರಿದಿತ್ತು. ಯಾರೋ ಹೆಣ್ಣುಮಗಳು ನನ್ನ ಮುಖ ನೋಡಿ ಒಂಚೂರು ಸರಿದು, ತುದಿಯಲ್ಲಿ ಕೂರಲು ಜಾಗ ಕೊಟ್ಟಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಭೆ ಮುಗಿದಿತ್ತು. ಶಾಮಿಯಾನದ ಕೆಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅಕ್ಕ ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು ಹಾಕಿಕೊಂಡು, ಸುತ್ತ ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ, ಸ್ಟೀಲಿನ ಡಬ್ಬಿಗಳನ್ನು ಇಟ್ಟುಕೊಂಡು ಒಬ್ಬರೇ ಕೂತಿದ್ದರು. ಅವರ ಯಜಮಾನರು ಬಿಪಿ ಏರಿದ್ದರಿಂದ ಪ್ರಯಾಣ ಬೇಡವೆಂದು ಮನೆಯಲ್ಲೇ ಉಳಿದಿದ್ದರಂತೆ. ನನ್ನನ್ನು ಕಂಡು ಎದ್ದು ನಿಂತರು.

"ಬಂದ್ಯಾ? ಕಾರೆಲ್ಲಿ?"

"ಕೆಟ್ಟೈತೆ ಅಕ್ಕ. ಬಸ್ಸಿಗೆ ಬಂದೆ."

"ಅಯ್ಯೋ, ಸೊಂಟ ಇಟ್ಕೊಂಡು ಬಸ್ಸಿಗ್ಯಾಕೆ ಬಂದೆ?" ಎಂದವರು ನನ್ನ ಕೈ ಹಿಡಿದುಕೊಂಡರು. ಸೀರೆಯ ಡಬ್ಬಿ ಬಿಚ್ಚಿ ನೋಡಲಿಲ್ಲ. ಎದೆಗೊತ್ತಿಕೊಂಡು ನಿಂತರು.

ಆ ಸಾಮಾನನ್ನೆಲ್ಲ ಹೊತ್ತುಕೊಂಡು ನಾವಿಬ್ಬರೂ ಮಧ್ಯಾಹ್ನದ ಬಸ್ಸು ಹತ್ತಿದೆವು. ಆ ಹೊತ್ತಿನಲ್ಲಿ ಜನ ಕಡಿಮೆ. ಕೂರಲು ಜಾಗ ಸಿಕ್ಕಿತು. ಗಡಿಯಾರ ನನ್ನ ತೊಡೆಯ ಮೇಲೆ, ಹಣ್ಣಿನ ಬುಟ್ಟಿ ಅವರ ತೊಡೆಯ ಮೇಲೆ. ಹಾನಗಲ್ ದಾಟಿದ ಮೇಲೆ ಅಕ್ಕ ತಾವಾಗಿಯೇ ಮಾತು ತೆಗೆದರು.

"ನಾನು ಕಾರಿಗೆ ಬರದು ಬಿಟ್ಟಿದ್ದು ಟೈರಿಗೆ ಅನ್ಕೊಂಡಿದೀಯಾ?"

"ಮತ್ತೆ?"

"ಟೈರು ಅಲ್ಲಮ್ಮ. ಅದೊಂದು ನೆವ ಸಿಕ್ತು." ಕಿಟಕಿಯ ಕಡೆ ತಿರುಗಿಕೊಂಡರು. "ಮಗಳು ಗಂಡನ್ನ ಬಿಟ್ಟು ಬಂದವಳೆ. ಆಗಲೇ ಬಹಳ ದಿನ ಆಯ್ತು. ಬಳ್ಳಾರೀಲಿ ಒಬ್ಬಳೇ ಮನೆ ಮಾಡ್ಕೊಂಡು, ಅಂಗಡೀಲಿ ಲೆಕ್ಕ ಬರೆಯೋ ಕೆಲಸಕ್ಕೆ ಹೋಗ್ತಾಳೆ. ಮನೇಲಿ ನಿಮ್ಮ ಭಾವನ ಮುಂದೆ ಅಳಂಗಿಲ್ಲ, ಅವರಿಗೆ ಬಿಪಿ. ಆಸ್ಪತ್ರೇಲಿ ಪೇಷಂಟ್ ಮುಂದೆ ಅಳಂಗಿಲ್ಲ. ಬಸ್ಸಲ್ಲಿ ಹಿಂಗೆ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತ್ರೆ ಯಾರು ನೋಡ್ತಾರೆ? ಇಳಿಯೋ ಹೊತ್ತಿಗೆ ಸೆರಗಲ್ಲಿ ಒರಸ್ಕೊಂಡ್ರೆ ಮುಗೀತು. ನಿನ್ನ ಕಾರು ಸದ್ದೇ ಮಾಡಲ್ಲ. ನಾನು ಮೂಗು ಎಳೆದ್ರೂ ನಿಂಗೆ ಕೇಳ್ತೈತೆ."

"ಕೇಳಿದ್ರೆ ಏನಕ್ಕ?"

"ಕೇಳಿದ್ರೆ ನೀನು ಕೇಳ್ತೀಯ. ನೀನು ಕೇಳಿದ್ರೆ ನಾನು ಹೇಳಬೇಕಾಗ್ತೈತೆ."

ಅವರ ಮೇಲೆ ಸಿಟ್ಟು ಬರಲಿಲ್ಲ. ಬೇಜಾರಾಯಿತು ಎಂದರೂ ಪೂರ್ತಿ ಸರಿಯಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತವರು, ನನ್ನ ಅವ್ವನ ಕಣ್ಣು ಮುಚ್ಚಿಸಿದವರು, ಅಳಬೇಕಾದಾಗ ನನ್ನನ್ನು ಬಿಟ್ಟು ಗುರುತಿಲ್ಲದವರ ನಡುವೆ ಹೋಗಿ ಕೂತರಲ್ಲ ಎನಿಸಿತು. ಅವರ ಕಷ್ಟ ದೊಡ್ಡದು. ಅದರ ಮುಂದೆ ನನ್ನದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ. ಗಡಿಯಾರ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಳ್ಳಾರಿಗೆ ಹೋಗ್ಬಿಡ್ತೀವಿ" ಎಂದರು ಅಕ್ಕ. "ನಾನೂ, ನಿಮ್ಮ ಭಾವನೂ. ಅವಳ ಹತ್ರಾನೇ ಇರ್ತೀವಿ. ಅಡುಗೆ ಮಾಡಿ ಹಾಕಿದ್ರೆ ಅವಳು ನೆಮ್ಮದಿಯಾಗಿ ಕೆಲಸಕ್ಕೆ ಹೋಗ್ತಾಳೆ."

ಸಣ್ಣ ಬ್ಯಾಟರಿ ಬದಲಾಯಿಸಿದ ಮೇಲೆ ಕಾರು ಮತ್ತೆ ಎದ್ದಿತು. ಮಳೆಗಾಲದ ಮೋಡ ಕಟ್ಟಿ, ಮಳೆಯಾಗದೆ ಬರೀ ಧೂಳು ಹಾರುತ್ತಿದ್ದ ಒಂದು ದಿನ ಅವರು ಮನೆ ಖಾಲಿ ಮಾಡಿದರು. ಮಂಚ, ಬೀರು, ಪಾತ್ರೆಗಳ ಜೊತೆ ಭಾವ ಗೂಡ್ಸ್ ಗಾಡಿಯಲ್ಲಿ ಮುಂದೆ ಹೋದರು. ದೇವರ ಪಟಗಳು, ಹೊಲಿಗೆ ಮಷಿನ್ನಿನ ತಲೆ, ಕರಿಬೇವಿನ ಸಸಿಯ ಕುಂಡ ನನ್ನ ಕಾರಿಗೆ ಬಂದವು. ಅಕ್ಕ ನನ್ನ ಪಕ್ಕ ಕೂತರು. ಈ ಸಲ ಬಹಳ ಮಾತಾಡುತ್ತೇವೆ ಎಂದುಕೊಂಡಿದ್ದೆ. ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆದರೆ ವಾರವೆಲ್ಲ ಸಾಮಾನು ಕಟ್ಟಿ ದಣಿದಿದ್ದ ಅಕ್ಕ ತಳುಕು ದಾಟುವಷ್ಟರಲ್ಲಿ ನಿದ್ದೆಹೋದರು. ಬಾಯಿ ಸ್ವಲ್ಪ ತೆರೆದು, ತಲೆ ನನ್ನ ಕಡೆ ವಾಲಿಸಿಕೊಂಡು, ರಾಂಪುರ ಬರುವವರೆಗೂ ನಿದ್ದೆ ಮಾಡಿದರು. ನಾನು ಎಬ್ಬಿಸಲಿಲ್ಲ. ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡಿ, ಲಾರಿಗಳಿಗೆ ದಾರಿ ಬಿಟ್ಟುಕೊಟ್ಟು ಓಡಿಸಿದೆ. ಕಾರಿಗೆ ಸದ್ದಿಲ್ಲದ್ದು ಅವತ್ತು ಉಪಕಾರವಾಯಿತು.

ಬಳ್ಳಾರಿಯಲ್ಲಿ ಮಗಳ ಮನೆ ಎರಡನೆಯ ಮಹಡಿ. ಕೆಳಗೆ ಚಾರ್ಜ್ ಮಾಡಲು ಪ್ಲಗ್ ಇರಲಿಲ್ಲ. ಮಗಳು ತೆಳ್ಳಗೆ, ಅಕ್ಕನದೇ ಮುಖ. "ಇವತ್ತು ಇಲ್ಲೇ ಇದ್ಬಿಡಿ ಚಿಕ್ಕಮ್ಮ" ಎಂದಳು. ಹಿಂದೆಂದೂ ನನ್ನನ್ನು ಚಿಕ್ಕಮ್ಮ ಎಂದವಳಲ್ಲ. ಆದರೆ ಇರುವುದು ಎರಡೇ ಕೋಣೆ. ಒಂದರಲ್ಲಿ ಆಗಲೇ ಮಂಚ, ಬೀರು ತುಂಬಿದ್ದವು. ಅವರು ಮೂವರೂ ಒಬ್ಬರಿಗೊಬ್ಬರು ಬೇಕಾಗಿದ್ದ ಹೊತ್ತು ಅದು. ನಾಳೆ ಕಾಲೇಜಿದೆ ಎಂದೆ. ಊಟ ಮಾಡಿ ಹೊರಟೆ. ಅಕ್ಕ ಕೆಳಗಿನವರೆಗೆ ಬಂದು, ಕಾರಿನ ಬಾಗಿಲು ಹಿಡಿದು ನಿಂತು, "ನಿಧಾನಕ್ಕೆ ಹೋಗು. ಮುಟ್ಟಿದ ತಕ್ಷಣ ಫೋನ್ ಮಾಡು" ಎಂದರು.

ದಾರಿಯ ಹೋಟೆಲೊಂದರ ಚಾರ್ಜಿಂಗ್ ಪಾಯಿಂಟನ್ನು ನಂಬಿಕೊಂಡು ಹೊರಟಿದ್ದೆ. ಅಲ್ಲಿ ನೋಡಿದರೆ ಅದರ ಪರದೆ ಕಪ್ಪಾಗಿತ್ತು. "ಎರಡು ವಾರದಿಂದ ಕೆಟ್ಟೈತೆ ಮೇಡಂ" ಎಂದರು. ಉಳಿದಿದ್ದ ಬ್ಯಾಟರಿಯಲ್ಲಿ ಚಳ್ಳಕೆರೆ ಮುಟ್ಟುವ ಹಾಗಿರಲಿಲ್ಲ. ಎ.ಸಿ. ಆರಿಸಿ, ಗಾಜು ಇಳಿಸಿ, ಎಡಗಡೆ ಅಂಚು ಹಿಡಿದು ಮೆಲ್ಲಗೆ ಓಡಿಸಿದೆ. ಲಾರಿಗಳೆಲ್ಲ ಹಾರ್ನ್ ಹೊಡೆದು ದಾಟಿಹೋದವು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಹಾನಗಲ್ ಹತ್ತಿರ ರಸ್ತೆ ಬದಿಯ ಸಣ್ಣ ಡಾಬಾ ಕಂಡು ನಿಲ್ಲಿಸಿದೆ. ಒಲೆಯ ಮುಂದೆ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ ಹೆಂಗಸು ಅದರ ಒಡತಿ. ಪ್ಲಗ್ ಕೇಳಿದೆ.

"ಮೊಬೈಲಿಗಾಮ್ಮ?"

"ಅಲ್ಲ, ಕಾರಿಗೆ."

ಆಕೆ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ಫ್ರಿಜ್ಜಿನ ಪ್ಲಗ್ ಕಿತ್ತು, "ಪೆಟ್ಟುಕೋಂಡಿ, ಹಾಕ್ಕೊಳ್ಳಿ. ಸುಟ್ಟು ಹೋದ್ರೆ ಮಾತ್ರ ನಿಮ್ಮದೇ ಜವಾಬ್ದಾರಿ" ಎಂದಳು.

ಎರಡು ಗಂಟೆಯಾದರೂ ಬೇಕಾಗಿತ್ತು. ಹಗ್ಗದ ಮಂಚದ ಮೇಲೆ ಕೂತೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬಸ್ಸುಗಳು ಹೋದವು. ಆಕೆ ಒಂದು ತಟ್ಟೆ ಬಜ್ಜಿ ತಂದಿಟ್ಟು, "ಒಬ್ರೇ ಬಂದಿದೀರಾ?" ಎಂದು ಕೇಳಿದಳು.

"ಹೂಂ. ನಮ್ಮ ಅಕ್ಕನ್ನ ಬಿಟ್ಟು ಬಂದೆ."

ಅಷ್ಟರಲ್ಲಿ ಫೋನ್ ಬಂತು.

"ಮುಟ್ಟಿದ್ಯಾ?" ಅಕ್ಕನ ಹಿಂದೆ ಸಾಮಾನು ಎಳೆಯುವ ಸದ್ದು, ಮಗಳ ನಗು ಕೇಳುತ್ತಿತ್ತು. ಅಕ್ಕ ಆ ನಗು ಕೇಳಿ ಎಷ್ಟು ವರ್ಷವಾಗಿತ್ತೋ ಏನೋ, ಅವರ ದನಿಯೂ ಹಗುರವಾಗಿತ್ತು.

"ಮುಟ್ಟಿದೆ ಅಕ್ಕ. ಈಗಷ್ಟೆ ಕಾಲು ತೊಳ್ಕೊಂಡೆ."

"ಊಟ?"

"ಮಾಡ್ತೀನಿ. ನೀವು ಮಲಕ್ಕೊಳ್ಳಿ, ದಣಿದಿದೀರಿ."

ಫೋನ್ ಇಟ್ಟೆ. ಒಲೆಯ ಮುಂದಿನಿಂದ ಆಕೆ ನನ್ನನ್ನೇ ನೋಡುತ್ತಿದ್ದಳು. ಇನ್ನೆರಡು ಬಿಸಿ ಬಜ್ಜಿ ತಂದು ತಟ್ಟೆಗೆ ಹಾಕಿ ಹೋದಳು.

ಹೊರಡುವಾಗ ಕರೆಂಟಿಗೂ ಬಜ್ಜಿಗೂ ಸೇರಿಸಿ ಕೊಟ್ಟ ಹಣದಲ್ಲಿ ಅರ್ಧ ವಾಪಸು ಕೊಟ್ಟು, "ಇಷ್ಟು ಯಾಕೆ? ಬಜ್ಜಿದು ತಗೊಂಡೀನಿ, ಸಾಕು" ಎಂದಳು. ಸೂರ್ಯ ಮುಳುಗುತ್ತಿದ್ದ. ರಸ್ತೆ ಖಾಲಿಯಿತ್ತು. ಹೊರಟ ಸ್ವಲ್ಪ ಹೊತ್ತಿಗೆ ರೇಡಿಯೋ ಹಾಕಿದೆ. ಬಳ್ಳಾರಿ ಕಡೆಯ ಯಾವುದೋ ಸ್ಟೇಷನ್ ಸಿಕ್ಕಿತು. ಯಾರದೋ ಹುಟ್ಟುಹಬ್ಬಕ್ಕೆ ಯಾರೋ ಹಾಡು ಕೇಳಿದ್ದರು. ತಳುಕು ಹತ್ತಿರವಾದಂತೆ ದನಿ ಒಡೆಯುತ್ತಾ, ಗರಗರ ಎನ್ನುತ್ತಾ ಬಂತು. ನಾನು ಸ್ಟೇಷನ್ ಬದಲಾಯಿಸಲಿಲ್ಲ. ಅದು ತಾನಾಗಿ ಪೂರ್ತಿ ಹೋಗುವವರೆಗೆ ಹಾಗೆಯೇ ಬಿಟ್ಟುಕೊಂಡು ಓಡಿಸಿದೆ.